ಬ್ಲೂಜೆ: ಆಬ್ಜೆಕ್ಟ್ ಅಂದರೆ ಏನು ಅಂತ ಕಣ್ಣಾರೆ ತೋರಿಸುವ ಜಾವಾ ಸಾಫ್ಟ್‌ವೇರ್

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತವರಿಂದ ಮೊದಲ ದಿನವೇ ಬರೆಸುವ ಸಾಲು, ಪ್ರೋಗ್ರಾಮ್ ಶುರುವಾಗುವ ಜಾಗವಾದ ‘ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್’. ಅದರಲ್ಲಿರುವ ಒಂದು ಪದದ ಅರ್ಥವೂ ಅವರಿಗೆ ಗೊತ್ತಿರುವುದಿಲ್ಲ. ‘ಸದ್ಯಕ್ಕೆ ಹಾಗೇ ಬರೆಯಿರಿ, ಮುಂದೆ ತಿಳಿಯುತ್ತೆ’ ಅನ್ನುತ್ತಾರೆ. ಆಮೇಲೆ ಲೂಪ್, ಇಫ್, ಅರೇ ಎಲ್ಲ ಆ ಮೇನ್ ಒಳಗೇ ನಡೆಯುತ್ತದೆ. ಕೊನೆಗೆ ಎಲ್ಲೋ ಒಂದು ಪಾಠದಲ್ಲಿ ಕ್ಲಾಸ್ (ಮಾದರಿ), ಆಬ್ಜೆಕ್ಟ್ (ಆ ಮಾದರಿಯಿಂದ ಮಾಡಿದ ವಸ್ತು) ಬರುತ್ತವೆ. ಅಷ್ಟರಲ್ಲಿ ಕಲಿಯುವವರಿಗೆ ಆಬ್ಜೆಕ್ಟ್ ಇಲ್ಲದೇ ಬರೆಯುವುದೇ ರೂಢಿಯಾಗಿರುತ್ತದೆ. ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಯನ್ನು ಹೀಗೆ ಹಿಂದುಮುಂದಾಗಿ ಕಲಿಸುವುದು ನನಗೆ ಒಪ್ಪಿಗೆಯಿಲ್ಲ.

ನಾನು ಪ್ರೋಗ್ರಾಮಿಂಗ್ ಲ್ಯಾಬ್‌ನಲ್ಲಿ ಹೊಸಬರಿಗೆ ಜಾವಾ ಹೇಳಿಕೊಡುವವಳು. ‘ಎಲ್ಲಿಂದ ಶುರು ಮಾಡಲಿ ಮೇಡಂ’ ಅಂತ ಯಾರೇ ಕೇಳಿದರೂ ನಾನು ಹೇಳುವ ಹೆಸರು ಬ್ಲೂಜೆ. ಇದು ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೈಕಲ್ ಕೋಲಿಂಗ್ ಮತ್ತು ಜಾನ್ ರೋಸೆನ್‌ಬರ್ಗ್ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿದ್ದಾಗ ಶುರುವಾದ ಕೆಲಸ, 1999ರಲ್ಲಿ ಹೊರಬಂತು. 2009ರಿಂದ ಇದರ ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಕಲಿಯುವವರಿಗಾಗಿಯೇ ಕಟ್ಟಿದ ಸಾಫ್ಟ್‌ವೇರ್ ಇದು. ಕಂಪನಿಗಳಿಗೆ ಮಾಡಿದ್ದನ್ನು ತಂದು ಹೊಸಬರ ಮುಂದೆ ಇಟ್ಟದ್ದಲ್ಲ. ಆ ವ್ಯತ್ಯಾಸ ತೆರೆದ ತಕ್ಷಣ ಗೊತ್ತಾಗುತ್ತದೆ.

ಮೊದಲು ಕಾಣುವುದು ಕೋಡ್ ಬರೆಯುವ ಜಾಗ ಅಲ್ಲ, ಒಂದು ಚಿತ್ರ. ಪ್ರಾಜೆಕ್ಟ್‌ನಲ್ಲಿರುವ ಒಂದೊಂದು ಕ್ಲಾಸ್‌ಗೂ ಒಂದೊಂದು ಚೌಕ. ಯಾವುದು ಯಾವುದನ್ನು ಬಳಸುತ್ತದೆ ಅಂತ ಅವುಗಳ ನಡುವೆ ಬಾಣಗಳು. ಕ್ಲಾಸ್ ಇನ್ನೂ ಕಂಪೈಲ್ ಆಗಿಲ್ಲ, ಅಂದರೆ ಓಡಿಸಬಲ್ಲ ರೂಪಕ್ಕೆ ಬಂದಿಲ್ಲ ಅಂತಾದರೆ, ಅದರ ಚೌಕದ ಮೇಲೆ ಓರೆ ಗೆರೆಗಳಿರುತ್ತವೆ. ಕೆಳಗೆ ಒಂದು ಖಾಲಿ ಪಟ್ಟಿ. ಅದಕ್ಕೆ ಆಬ್ಜೆಕ್ಟ್ ಬೆಂಚ್ ಅನ್ನುತ್ತಾರೆ. ಬ್ಲೂಜೆಯ ಜೀವ ಇರುವುದು ಆ ಪಟ್ಟಿಯಲ್ಲೇ.

ನಾನು ಸಾಮಾನ್ಯವಾಗಿ ಲಿಫ್ಟ್ ಎಂಬ ಒಂದು ಸಣ್ಣ ಕ್ಲಾಸ್ ಇಟ್ಟುಕೊಂಡು ಶುರು ಮಾಡುತ್ತೇನೆ. ಒಳಗೆ ‘ಫ್ಲೋರ್’ ಅಂತ ಒಂದು ಫೀಲ್ಡ್ (ಬೆಲೆ ಇಟ್ಟುಕೊಳ್ಳುವ ಜಾಗ), ಇಂಥ ಮಹಡಿಗೆ ಹೋಗು ಅನ್ನಲು ಒಂದು ಮೆಥಡ್ (ಆಬ್ಜೆಕ್ಟ್‌ನಿಂದ ಮಾಡಿಸುವ ಕೆಲಸ), ಈಗ ಯಾವ ಮಹಡಿ ಅಂತ ಹೇಳಲು ಇನ್ನೊಂದು. ಅಷ್ಟೇ. ಲಿಫ್ಟೇ ಯಾಕೆ ಅಂದರೆ, ಆಬ್ಜೆಕ್ಟ್ ಎಂಬ ಯೋಚನೆ ಹುಟ್ಟಿದ್ದೇ ಇಂಥ ವಸ್ತುಗಳನ್ನು ಕಂಪ್ಯೂಟರ್‌ನಲ್ಲಿ ಓಡಾಡಿಸಿ ನೋಡುವ ಆಸೆಯಿಂದ. 1960ರ ದಶಕದಲ್ಲಿ ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಸಿಮ್ಯುಲಾ ಭಾಷೆ ಮಾಡಿದ್ದು ಸಿಮ್ಯುಲೇಶನ್ ಕೆಲಸಕ್ಕಾಗಿ. ಜಾವಾದಲ್ಲಿ ನಾವು ಬರೆಯುವ ‘ಕ್ಲಾಸ್’ ಆ ವಂಶದ್ದೇ.

ಈಗ ಲಿಫ್ಟ್ ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ ‘ನ್ಯೂ ಲಿಫ್ಟ್’ ಆರಿಸಿದರೆ, ಬೆಂಚ್ ಮೇಲೆ ಒಂದು ಕೆಂಪು ಪೆಟ್ಟಿಗೆ ಬಂದು ಕೂರುತ್ತದೆ. ಹೆಸರು ಲಿಫ್ಟ್1. ಇನ್ನೊಮ್ಮೆ ಮಾಡಿದರೆ ಲಿಫ್ಟ್2. ಇಷ್ಟರಲ್ಲಿ ಮೇನ್ ಎಂಬ ಮಾತೇ ಬಂದಿಲ್ಲ, ಗಮನಿಸಿ. ಕೆಂಪು ಪೆಟ್ಟಿಗೆಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದರ ಒಳಗೆ ಏನಿದೆ ಅಂತ ತೋರಿಸುವ ಇನ್‌ಸ್ಪೆಕ್ಟರ್ ತೆರೆಯುತ್ತದೆ. ಫ್ಲೋರ್ 0 ಅಂತ ಕಾಣುತ್ತದೆ. ಎರಡು ಲಿಫ್ಟ್‌ಗಳ ಇನ್‌ಸ್ಪೆಕ್ಟರನ್ನೂ ಅಕ್ಕಪಕ್ಕ ತೆರೆದಿಟ್ಟು, ಲಿಫ್ಟ್1 ಮೇಲೆ ರೈಟ್ ಕ್ಲಿಕ್ ಮಾಡಿ ಅದನ್ನು 5ಕ್ಕೆ ಕಳಿಸಿ. ಒಂದರಲ್ಲಿ 0 ಹೋಗಿ 5 ಆಗುತ್ತದೆ. ಇನ್ನೊಂದು 0ಯಲ್ಲೇ ನಿಂತಿರುತ್ತದೆ. ‘ಕ್ಲಾಸ್ ಅಂದರೆ ನಕ್ಷೆ, ಆಬ್ಜೆಕ್ಟ್ ಅಂದರೆ ಮನೆ’ ಅಂತ ಎಷ್ಟು ಸಲ ಹೇಳಿದರೂ ತಲೆಗೆ ಹತ್ತದವರಿಗೆ ಇದನ್ನು ನೋಡಿದ ಕೂಡಲೇ ಹತ್ತುತ್ತದೆ. ಕೋಡ್ ಒಂದೇ, ಇಟ್ಟುಕೊಂಡ ಬೆಲೆ ಬೇರೆ ಬೇರೆ. ಕಣ್ಣೆದುರೇ ಇದೆ, ಅಲ್ವಾ.

ಮುಂದಿನದು ನನಗೆ ತುಂಬ ಇಷ್ಟವಾದ ಭಾಗ. ನನ್ನ ಅಕ್ಕನ ಮಗಳು ಜಾವಾ ಕಲಿಯುತ್ತಿದ್ದಳು. ‘ಸ್ಟ್ಯಾಟಿಕ್ ಅಂದರೆ ಏನು’ ಅಂತ ಕೇಳಿದಳು. ನಾನು ವಿವರಿಸಲು ಹೋಗಲಿಲ್ಲ. ಫ್ಲೋರ್ ಫೀಲ್ಡ್ ಹಿಂದೆ ಸ್ಟ್ಯಾಟಿಕ್ ಅಂತ ಸೇರಿಸಿ ಕಂಪೈಲ್ ಮಾಡು, ಮತ್ತೆ ಎರಡು ಲಿಫ್ಟ್ ಮಾಡು ಅಂದೆ. ಅವಳು ಲಿಫ್ಟ್1 ಅನ್ನು 5ಕ್ಕೆ ಕಳಿಸಿದಳು. ಆಮೇಲೆ ಲಿಫ್ಟ್2ಕ್ಕೆ ನೀನು ಯಾವ ಮಹಡಿಯಲ್ಲಿದ್ದೀಯ ಅಂತ ಕೇಳಿದಳು. ಉತ್ತರ 5. ‘ಚಿಕ್ಕಮ್ಮ, ನಾನು ಎರಡನೇದನ್ನ ಮುಟ್ಟೇ ಇಲ್ವಲ್ಲ!’ ಅಂದಳು. ಹಾಗಾದರೆ ಆ 5 ಎಲ್ಲಿದೆ ಅಂತ ಹುಡುಕು ಅಂದೆ. ಲಿಫ್ಟ್ ಪೆಟ್ಟಿಗೆಗಳನ್ನು ಬಿಟ್ಟು ಮೇಲಿನ ಕ್ಲಾಸ್ ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಕೊಟ್ಟಳು. ಫ್ಲೋರ್ ಅಲ್ಲಿ ಕೂತಿತ್ತು. ಸ್ಟ್ಯಾಟಿಕ್ ಆದದ್ದು ಕ್ಲಾಸ್‌ಗೆ ಸೇರಿದ್ದು, ಎಲ್ಲ ಆಬ್ಜೆಕ್ಟ್‌ಗಳಿಗೂ ಸೇರಿ ಒಂದೇ. ಇದನ್ನು ಅವಳಿಗೆ ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಹೊಸಬರನ್ನು ಜಾಸ್ತಿ ಕಾಡುವ ಇನ್ನೊಂದು ವಿಷಯ ರೆಫರೆನ್ಸ್, ಅಂದರೆ ಆಬ್ಜೆಕ್ಟ್ ಎಲ್ಲಿದೆ ಅಂತ ತೋರಿಸುವ ಗುರುತು. ಅದಕ್ಕೂ ಇಲ್ಲಿ ದಾರಿಯಿದೆ. ಪ್ಯಾಸೆಂಜರ್ ಎಂಬ ಇನ್ನೊಂದು ಕ್ಲಾಸ್ ಮಾಡಿ, ಅದರಲ್ಲಿ ಅವನ ಹೆಸರಿಗೆ ಒಂದು ಫೀಲ್ಡ್ ಇರಲಿ. ಲಿಫ್ಟ್ ಒಳಗೆ ಪ್ಯಾಸೆಂಜರನ್ನು ಹಿಡಿದಿಡುವ ಒಂದು ಫೀಲ್ಡ್ ಇಡಿ. ಶುರುವಿನಲ್ಲಿ ಇನ್‌ಸ್ಪೆಕ್ಟರ್ ಅಲ್ಲಿ ನಲ್, ಅಂದರೆ ಯಾರೂ ಇಲ್ಲ, ಅಂತ ತೋರಿಸುತ್ತದೆ. ಪ್ಯಾಸೆಂಜರನ್ನು ಒಳಗೆ ಕಳಿಸುವ ಮೆಥಡ್ ಕರೆದಾಗ, ಯಾರನ್ನು ಕಳಿಸಬೇಕು ಅಂತ ಕೇಳುವ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಬೆಂಚ್ ಮೇಲಿರುವ ಪ್ಯಾಸೆಂಜರ್1 ಮೇಲೆ ಸುಮ್ನೆ ಒಮ್ಮೆ ಕ್ಲಿಕ್ ಮಾಡಿದರೆ ಸಾಕು, ಅದರ ಹೆಸರು ತಾನಾಗಿ ಬಂದು ಕೂರುತ್ತದೆ. ಈಗ ನಲ್ ಇದ್ದ ಜಾಗದಲ್ಲಿ ಒಂದು ಸಣ್ಣ ಬಾಣ ಇರುತ್ತದೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಪ್ಯಾಸೆಂಜರ್ ತೆರೆದುಕೊಳ್ಳುತ್ತಾನೆ. ಅದೇ ಪ್ಯಾಸೆಂಜರನ್ನು ಲಿಫ್ಟ್2ಕ್ಕೂ ಕೊಟ್ಟು, ಅವನ ಹೆಸರು ಬದಲಿಸಿ ನೋಡಿ. ಯಾವ ಲಿಫ್ಟ್‌ನ ಬಾಣ ಹಿಡಿದು ಹೋದರೂ ಹೊಸ ಹೆಸರೇ ಸಿಗುತ್ತದೆ. ನಲ್ ಇರುವಾಗಲೇ ಪ್ಯಾಸೆಂಜರ್ ಹೆಸರು ಕೇಳುವ ಮೆಥಡ್ ಕರೆದರೆ ನಲ್ ಪಾಯಿಂಟರ್ ಎಕ್ಸೆಪ್ಶನ್ ಎಂಬ ದೋಷ ಬರುತ್ತದೆ. ಹೊಸಬರು ಅದನ್ನು ಬೇಕಂತಲೇ ಒಮ್ಮೆ ತರಿಸಿಕೊಳ್ಳಬೇಕು ಅಂತ ನಾನು ಹೇಳುತ್ತೇನೆ. ಬಾಣ ಇಲ್ಲದ ಕಡೆ ಹೋಗಲು ನೋಡಿದೆವು ಅಂತ ಆಗ ತಿಳಿಯುತ್ತದೆ, ಆ ಹೆಸರಿನ ಭಯ ಹೋಗುತ್ತದೆ.

ಇನ್‌ಹೆರಿಟೆನ್ಸ್, ಅಂದರೆ ಒಂದು ಕ್ಲಾಸ್‌ನಲ್ಲಿ ಇರುವುದನ್ನು ಇನ್ನೊಂದು ಪಡೆದುಕೊಳ್ಳುವುದು, ಕೂಡ ಚಿತ್ರದಲ್ಲೇ ಮಾಡಬಹುದು. ಸರಕು ಲಿಫ್ಟ್‌ಗೆ ಒಂದು ಕ್ಲಾಸ್ ಮಾಡಿ, ಅಲ್ಲಿಂದ ಲಿಫ್ಟ್‌ಗೆ ಬಾಣ ಎಳೆದರೆ ಕೋಡ್‌ನಲ್ಲಿ ‘ಎಕ್ಸ್‌ಟೆಂಡ್ಸ್’ ತಾನಾಗಿ ಸೇರಿಕೊಳ್ಳುತ್ತದೆ. ಕೋಡ್‌ನಲ್ಲಿ ಬರೆದರೆ ಬಾಣ ಬರುತ್ತದೆ. ಆ ಆಬ್ಜೆಕ್ಟ್ ಮೇಲೆ ರೈಟ್ ಕ್ಲಿಕ್ ಮಾಡಿದಾಗ, ತಾಯಿ ಕ್ಲಾಸ್‌ನಿಂದ ಬಂದ ಮೆಥಡ್‌ಗಳು ಬೇರೆಯಾಗಿ ಕಾಣುತ್ತವೆ. ಮಗಳು ಕ್ಲಾಸ್ ತಿದ್ದಿ ಬರೆದದ್ದರ ಮುಂದೆ ಹಾಗಂತ ಗುರುತೂ ಇರುತ್ತದೆ. ಹೀಗೆ ತಿದ್ದಿ ಬರೆಯುವುದೇ ಓವರ್‌ರೈಡಿಂಗ್. ಆ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬೋರ್ಡ್ ನಾನು ನೋಡಿಲ್ಲ.

ಒಂದೊಂದೇ ಸಾಲು ಬರೆದು ನೋಡುವ ಕೋಡ್ ಪ್ಯಾಡ್, ತಪ್ಪು ಹುಡುಕಲು ನೆರವಾಗುವ ಡೀಬಗರ್ ಎರಡೂ ಚೆನ್ನಾಗಿವೆ. ಬೆಂಚ್ ಮೇಲೆ ಕೈಯಾರೆ ಮಾಡಿದ್ದನ್ನು ರೆಕಾರ್ಡ್ ಮಾಡಿ ಜೆಯೂನಿಟ್ ಟೆಸ್ಟ್ (ಕೋಡ್ ಸರಿಯಿದೆಯೇ ಅಂತ ತಾನಾಗಿ ಪರೀಕ್ಷಿಸುವ ಕೋಡ್) ಆಗಿ ಉಳಿಸಿಕೊಳ್ಳುವ ಅನುಕೂಲವಂತೂ ಬಲು ಉಪಯುಕ್ತ. ಇದು ಎಷ್ಟೋ ಜನರ ಕಣ್ಣಿಗೇ ಬೀಳುವುದಿಲ್ಲ.

ಕೊರತೆಗಳೂ ಇವೆ. ಕೋಡ್ ತಿದ್ದಿ ಮತ್ತೆ ಕಂಪೈಲ್ ಮಾಡಿದರೆ ಬೆಂಚ್ ಖಾಲಿಯಾಗುತ್ತದೆ. ಹಳೆಯ ಕ್ಲಾಸ್‌ನ ಆಬ್ಜೆಕ್ಟ್‌ಗಳನ್ನು ಇಟ್ಟುಕೊಳ್ಳಲಾಗದು ಎಂಬುದು ನ್ಯಾಯವೇ, ಆದರೆ ಒಂದು ಸಾಲು ಬದಲಿಸಿದಾಗಲೆಲ್ಲ ಲಿಫ್ಟ್, ಪ್ಯಾಸೆಂಜರ್ ಎಲ್ಲ ಮೊದಲಿಂದ ಮಾಡುವುದು ಬೇಸರದ ಕೆಲಸ. ಐದಾರು ಆಬ್ಜೆಕ್ಟ್‌ಗಳನ್ನು ಜೋಡಿಸಿಟ್ಟಿದ್ದರೆ ಇನ್ನೂ ಬೇಸರ. ಅದಕ್ಕೇ ಟೆಸ್ಟ್ ರೆಕಾರ್ಡಿಂಗ್ ಬೇಗ ಕಲಿಯಿರಿ ಅನ್ನುವುದು. ಟೈಪ್ ಮಾಡುತ್ತಾ ಹೋದ ಹಾಗೆ ಮುಂದಿನ ಪದ ಸೂಚಿಸುವುದು, ಕೋಡನ್ನು ತಾನೇ ತಿದ್ದಿಕೊಡುವುದು ಇವೆಲ್ಲ ಕಂಪನಿಗಳಲ್ಲಿ ಬಳಸುವ ಇಂಟೆಲಿಜೆ ಅಥವಾ ಎಕ್ಲಿಪ್ಸ್‌ನಂಥ ಐಡಿಇಗಳಲ್ಲಿ (ಕೋಡ್ ಬರೆದು ಓಡಿಸುವ ಸಾಫ್ಟ್‌ವೇರ್) ಇರುವಷ್ಟು ಇಲ್ಲಿಲ್ಲ. ಕಲಿಯುವ ಹೊತ್ತಿನಲ್ಲಿ ಅದು ಇಲ್ಲದಿರುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಮೇವನ್, ಗ್ರೇಡಲ್‌ನಂಥ ಪ್ರಾಜೆಕ್ಟ್ ಕಟ್ಟುವ ಸಾಧನಗಳು ಬೇಕಾಗುವ ದೊಡ್ಡ ಪ್ರಾಜೆಕ್ಟ್‌ಗೆ ಇದನ್ನು ಹಿಡಿದು ಕೂರಬೇಡಿ. ಪೈಥಾನ್ ಕಲಿಯಬೇಕು ಅನ್ನುವವರಿಗೂ ಇದು ಆಗಿಬರುವುದಿಲ್ಲ. ಆಟ ಮಾಡಿ ಕಲಿಯುವ ಆಸೆಯಿದ್ದರೆ ಇದೇ ತಂಡದ ಗ್ರೀನ್‌ಫುಟ್ ಇದೆ, ಅದೂ ಉಚಿತ.

ಒಂದು ಪ್ರಶ್ನೆ ಈಗೀಗ ಬರುತ್ತಿದೆ. 2025ರಲ್ಲಿ ಬಂದ ಜಾವಾ 25ರಲ್ಲಿ ಆ ಉದ್ದನೆಯ ಮೇನ್ ಸಾಲು ಬೇಕಿಲ್ಲ, ಸಣ್ಣ ಪ್ರೋಗ್ರಾಮ್‌ಗೆ ಕ್ಲಾಸ್ ಕೂಡ ಬರೆಯಬೇಕಿಲ್ಲ. ಹಾಗಾದರೆ ಬ್ಲೂಜೆ ಯಾಕೆ ಬೇಕು? ಆ ಬದಲಾವಣೆ ಒಳ್ಳೆಯದೇ, ಶುರು ಮಾಡುವುದು ಸುಲಭವಾಯಿತು. ಆದರೆ ಅದು ಕ್ಲಾಸ್ ಅನ್ನು ಮರೆಮಾಡಿ ಸುಲಭ ಮಾಡಿದೆ. ಬ್ಲೂಜೆ ಅದನ್ನೇ ಎದುರಿಗೆ ಇಟ್ಟು ಸುಲಭ ಮಾಡುತ್ತದೆ. ಆಬ್ಜೆಕ್ಟ್ ಕಲಿಯಬೇಕು ಅನ್ನುವವರಿಗೆ ಎರಡನೆಯ ದಾರಿಯೇ ಸರಿ.

ಎಷ್ಟು ಕಾಲ ಇದರಲ್ಲೇ ಇರಬೇಕು ಅಂದರೆ, ನಾಲ್ಕೈದು ಕ್ಲಾಸ್‌ಗಳ ಒಂದು ಪ್ರಾಜೆಕ್ಟ್ ಸ್ವಂತವಾಗಿ ಕಟ್ಟುವವರೆಗೆ. ಯಾವ ಕೆಲಸ ಯಾವ ಕ್ಲಾಸ್‌ಗೆ ಸೇರಬೇಕು ಅಂತ ನೀವೇ ತೀರ್ಮಾನಿಸಿ ಬರೆದು, ಅರೇಲಿಸ್ಟ್ ಎಂಬ ಜಾವಾ ಪಟ್ಟಿಯಲ್ಲಿ ಆಬ್ಜೆಕ್ಟ್‌ಗಳನ್ನು ಇಟ್ಟು ಕೆಲಸ ಮಾಡಿಸಿದ ಮೇಲೆ ದೊಡ್ಡ ಐಡಿಇಗೆ ಹೋಗಿ. ಬ್ಲೂಜೆ ಫೋಲ್ಡರ್‌ನಲ್ಲಿ ಇರುವುದು ಸಾಮಾನ್ಯ ಜಾವಾ ಫೈಲ್‌ಗಳೇ. ಪ್ಯಾಕೇಜ್ ಡಾಟ್ ಬ್ಲೂಜೆ ಎಂಬ ಫೈಲ್ ಚಿತ್ರದ ಲೆಕ್ಕ ಇಟ್ಟುಕೊಂಡಿರುತ್ತದೆ, ಅದನ್ನು ಅಲ್ಲೇ ಬಿಟ್ಟು ಜಾವಾ ಫೈಲ್‌ಗಳನ್ನು ಮಾತ್ರ ತೆಗೆದುಕೊಂಡು ಹೋದರೆ ಬೇರೆ ಕಡೆಯೂ ತಿದ್ದದೇ ತೆರೆಯುತ್ತವೆ.