ಕಪ್ಪು-ಬಿಳುಪು ಪ್ರಿಂಟಿಗೆ ಯಾವ ಇಂಕು, ಯಾವ ಡ್ರೈವರು? ಪೇಪರ್ ಹಾಳು ಮಾಡ್ಕೊಂಡವನ ಹೋಲಿಕೆ

ಮೊದ್ಲೇ ಹೇಳ್ಬಿಡ್ತೀನಿ, ನನ್ ಓಟು ಸೆಕೆಂಡ್‌ಹ್ಯಾಂಡ್ ಎಪ್ಸನ್ ಆರ್3000 ಫೋಟೋ ಪ್ರಿಂಟರ್, ಅದರ ಒರಿಜಿನಲ್ ಕೆ3 ಇಂಕು, ಮೇಲೆ ಕ್ವಾಡ್‌ಟೋನ್ ರಿಪ್ (ಕಂಪನಿ ಡ್ರೈವರ್ ಬದಲು ಹಾಕೋ ಪ್ರಿಂಟಿಂಗ್ ಸಾಫ್ಟ್‌ವೇರ್), ಈ ಜೋಡಿಗೇನೆ. ಇಲ್ಲಿಗೆ ಬಂದು ಮುಟ್ಟೋಕೆ ಒಂದೂವರೆ ವರ್ಷ ಹಿಡೀತು.

ಶುರು ಮಾಡಿದ್ದು ಮನೇಲಿದ್ದ ಆರು ಕಲರಿನ ಇಂಕ್‌ಟ್ಯಾಂಕ್ ಪ್ರಿಂಟರಲ್ಲಿ. ಇಂಕು ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡೀದು, ಕಂಪ್ಯಾಟಿಬಲ್, ಅಂದ್ರೆ ಪ್ರಿಂಟರ್ ಕಂಪನೀದಲ್ಲ, ಬೇರೆಯವ್ರು ಮಾಡಿದ್ದು. "ಸ್ಟುಡಿಯೋದವ್ರೆಲ್ಲ ಇದೇ ತಗೊಂಡೋಗೋದು ಸಾರ್" ಅಂದ್ರು, ತಗೊಂಡೆ. ಕಲರ್ ಫೋಟೋ ಚೆನ್ನಾಗೇ ಬರ್ತಿತ್ತು, ಹಾಗಾಗಿ ಡೌಟೇ ಬರ್ಲಿಲ್ಲ.

ನಮ್ಮಜ್ಜಿ ಹಿತ್ತಲಲ್ಲಿ ಕೂತು ಹುಣಸೆಹಣ್ಣು ಬಿಡಿಸ್ತಿರೋ ಫೋಟೋ ಒಂದಿದೆ. ರಾತ್ರಿ ಹತ್ತೂವರೆಗೆ ಗ್ರೇಸ್ಕೇಲ್ ಟಿಕ್ ಮಾಡಿ ಪ್ರಿಂಟ್ ಕೊಟ್ಟೆ, ಎಲ್‌ಇಡಿ ಬಲ್ಬಿನ ಕೆಳಗೆ ಅದ್ಭುತ. ಬೆಳಿಗ್ಗೆ ಕಿಟಕಿ ಹತ್ರ ತಂದು ನೋಡಿದ್ರೆ ಅಜ್ಜಿ ಕೆನ್ನೆ ಪಾಚಿ ಕಟ್ಟಿದಂಗೆ ಹಸಿರು! ಸರಿ ಅಂತ ಕಲರ್ ಮೋಡಿಗೆ ಹೋಗಿ ಮಜೆಂಟಾ ಎರಡು ಪಾಯಿಂಟ್ ಏರಿಸ್ದೆ, ಕಿಟಕಿ ಹತ್ರ ಸರಿಹೋಯ್ತು, ರಾತ್ರಿ ಬಲ್ಬು ಹಾಕಿದ್ರೆ ಅಜ್ಜಿಗೆ ಯಾರೋ ರೋಸ್ ಪೌಡರ್ ಬಳಿದಂಗೆ, ಮತ್ತೆ ಒಂದು ಪಾಯಿಂಟ್ ಇಳಿಸ್ದೆ, ಟ್ಯೂಬ್‌ಲೈಟಲ್ಲಿ ಮೂರನೇ ಬಣ್ಣ. ಹನ್ನೊಂದು ಶೀಟ್ ಹೋದ್ಮೇಲೆ ತಲೆಗೆ ಹೋಯ್ತು, ಇದು ಸ್ಲೈಡರ್ ಎಳೆದು ಸರಿಮಾಡೋ ಕಾಯಿಲೆ ಅಲ್ಲ. ಆ ಪ್ರಿಂಟರಲ್ಲಿ ಗ್ರೇ ಇಂಕೇ ಇಲ್ಲ, ಸಯಾನ್ ಮಜೆಂಟಾ ಹಳದಿ ಬೆರೆಸಿ ಬೂದು ಮಾಡತ್ತೆ, ಆ ಮೂರೂ ಒಂದೊಂದು ಬೆಳಕಿಗೆ ಒಂದೊಂದು ಥರ ಕಾಣತ್ತೆ. ಮೆಟಮೆರಿಸಂ ಅಂತಾರೆ ಇದಕ್ಕೆ.

ಬರೀ ಕರಿ ಇಂಕಲ್ಲಿ ಕೊಟ್ರೆ ಬಣ್ಣದ ಕಾಟ ಹೋಯ್ತು, ಆದ್ರೆ ಅಜ್ಜಿ ಬಿಳಿ ಸೀರೆ ತುಂಬಾ ರವೆ ಚೆಲ್ಲಿದಂಗೆ ಚುಕ್ಕಿ.

ಇನ್ನೊಂದು ಪ್ರಿಂಟು ಗೋಡೆಗೆ ಹಾಕಿದ್ದೆ, ಅರ್ಧ ಭಾಗ ಕ್ಯಾಲೆಂಡರ್ ಹಿಂದೆ. ಯುಗಾದಿಗೆ ಕ್ಯಾಲೆಂಡರ್ ತೆಗೆದ್ರೆ ಮುಚ್ಚಿದ್ದ ಭಾಗ ಕಪ್ಪು, ತೆರೆದಿದ್ದು ಕಾಫಿ ಡಿಕಾಕ್ಷನ್ ಬಣ್ಣ. ಎಸ್‌ಪಿ ರೋಡಿನ ಇಂಕು ಡೈ ಇಂಕು, ಅಂದ್ರೆ ಬಣ್ಣ ದ್ರವದಲ್ಲಿ ಕರಗಿರೋದು; ಕಪ್ಪು-ಬಿಳುಪಿಗೆ ಅದರ ಕಥೆ ಅಲ್ಲಿಗೆ ಮುಗೀತು.

ಆರ್3000ರಲ್ಲಿ ಇರೋದು ಪಿಗ್ಮೆಂಟ್ ಇಂಕು, ಅಂದ್ರೆ ಕರಗದ ಬಣ್ಣದ ಪುಡಿ ಇರೋದು; ಕಪ್ಪು, ಲೈಟ್ ಬ್ಲ್ಯಾಕ್, ಲೈಟ್ ಲೈಟ್ ಬ್ಲ್ಯಾಕ್ ಅಂತ ಮೂರು ಹಂತ. ಅದರ ಸ್ವಂತ ಡ್ರೈವರಲ್ಲಿ ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್ ಮೋಡ್ ಇದೆ, ಬೂದು ಬಹುಪಾಲು ಕರಿ ಇಂಕುಗಳಿಂದಲೇ ಬರತ್ತೆ, ಛಾಯೆಗೆ ಅಂತ ಕಲರ್ ಸ್ವಲ್ಪವೇ. ಅಜ್ಜಿ ಮೊದಲನೇ ಶೀಟಿಗೇ ಮೂರೂ ಬೆಳಕಲ್ಲಿ ಒಂದೇ ಥರ ಕಂಡ್ರು. ಟೋನ್ ಸೆಟಿಂಗ್ ಮಾತ್ರ 'ಡಾರ್ಕರ್'ನಲ್ಲಿ ಇತ್ತು, ಸೀರೆ ನೆರಿಗೆ ಮುಳುಗಿಹೋಗ್ತಿತ್ತು, ಅದಕ್ಕಿಂತ ಒಂದು ಹಂತ ತಿಳಿಯಾದ 'ಡಾರ್ಕ್' ಮಾಡ್ಕೊಂಡೆ. ಅವಸರದವ್ರಿಗೆ ಇಷ್ಟೇ ಸಾಕು, ನಿಜವಾಗ್ಲೂ.

ಆದ್ರೂ ನಾನು ಕ್ವಾಡ್‌ಟೋನ್ ರಿಪ್‌ಗೆ ಹೋದೆ. ರಾಯ್ ಹ್ಯಾರಿಂಗ್ಟನ್ ಮಾಡಿರೋ ಶೇರ್‌ವೇರ್, ಅಂದ್ರೆ ಮೊದ್ಲು ಬಳಸಿ ನೋಡಿ ಆಮೇಲೆ ದುಡ್ಡು ಕೊಡೋದು. ಎಪ್ಸನ್ ಡ್ರೈವರನ್ನ ಪಕ್ಕಕ್ಕಿಟ್ಟು, ಯಾವ ಇಂಕು ಎಲ್ಲಿ ಶುರುವಾಗಿ ಎಲ್ಲಿ ಮುಗೀಬೇಕು ಅನ್ನೋದು ಕರ್ವ್ ಫೈಲಲ್ಲಿ ನಮ್ಮ ಕೈಗೇ ಬರತ್ತೆ. ನಾನು ಹಾಕೋದು ಸ್ಥಳೀಯವಾಗಿ ಸಿಗೋ ಕಾಟನ್ ಮ್ಯಾಟ್ ಪೇಪರು, ಅದು ಎಪ್ಸನ್ ಲಿಸ್ಟಲ್ಲೇ ಇಲ್ಲ. ಬಿಳಿಯಿಂದ ಕಪ್ಪಿನವರೆಗೆ 21 ಮೆಟ್ಟಿಲಿನ ಚಾರ್ಟ್ ಪ್ರಿಂಟ್ ಮಾಡಿ ಒಂದು ರಾತ್ರಿ ಒಣಗಿಸಿ ಫ್ಲಾಟ್‌ಬೆಡ್ ಸ್ಕ್ಯಾನರಲ್ಲಿ ಅಳೆದು ಲೀನಿಯರೈಸ್ ಮಾಡ್ದೆ, ಅಂದ್ರೆ ಮೆಟ್ಟಿಲುಗಳೆಲ್ಲ ಸಮನಾಗಿ ಏರೋ ಹಾಗೆ ಕರ್ವ್ ತಿದ್ದಿದೆ, ಆಮೇಲೆ ಹುಣಸೆಹಣ್ಣಿನ ಬುಟ್ಟಿ ಒಳಗಿನ ನಾರು ಕೂಡ ಬಿಡಿಬಿಡಿಯಾಗಿ ಕಾಣಿಸ್ತು. ವಾರ್ಮ್ (ಕಂದು ಛಾಯೆ) ಕರ್ವ್ ಕೂಲ್ (ನೀಲಿ ಛಾಯೆ) ಕರ್ವ್ ಬೆರೆಸ್ಕೋಬಹುದು, ಇದೊಂದು ಚಟ ಆಗ್ಬಿಡತ್ತೆ ಹುಷಾರು. ವಿಂಡೋಸಲ್ಲಿ ಅದರ ಮುಖ ನೋಡಿದ್ರೆ ಹಳೇ ರೈಲ್ವೆ ಕೌಂಟರ್ ನೆನಪಾಗತ್ತೆ, ಫೋಟೋ ಫೈಲನ್ನೂ ಟಿಫ್ ಫಾರ್ಮ್ಯಾಟಿಗೆ ಮಾಡಿ ಕೊಡ್ಬೇಕು.

ಕಲರ್ ಇಂಕೆಲ್ಲ ತೆಗೆದು ಬರೀ ಕಾರ್ಬನ್ ಕಪ್ಪಿನ ಬೇರೆಬೇರೆ ಹಂತಗಳನ್ನೇ ತುಂಬೋ ಪೂರ್ತಿ ಕಾರ್ಬನ್ ಇಂಕ್ ಸೆಟ್? ಬೇರೆಯವ್ರ ಪ್ರಿಂಟು ನೋಡಿ ಹೊಟ್ಟೆ ಉರ್ಕೊಂಡಿದ್ದೀನಿ, ಆದ್ರೆ ಅದಕ್ಕೇ ಅಂತ ಒಂದು ಪ್ರಿಂಟರ್ ಮೀಸಲಿಡೋಕೆ ಮನೇಲಿ ಜಾಗವೂ ಇಲ್ಲ ಧೈರ್ಯವೂ ಇಲ್ಲ.

ಆರ್3000ರ ಖರ್ಚು ಜಾಸ್ತಿನೇ, ಒಂಬತ್ತು ಕಾರ್ಟ್ರಿಜ್, ಒಂದೊಂದು 25.9 ಎಂಎಲ್. ನಂಗೆ ತಿಂಗಳಿಗೆ ಎಂಟು ಹತ್ತು ಪ್ರಿಂಟ್ ಅಷ್ಟೇ, ಮೊದ್ಲು ಖಾಲಿ ಆಗೋದು ಲೈಟ್ ಬ್ಲ್ಯಾಕುಗಳು. ಕಪ್ಪಲ್ಲೇ ಎರಡು ಥರ, ಗ್ಲಾಸಿ ಪೇಪರಿಗೆ ಫೋಟೋ ಬ್ಲ್ಯಾಕ್, ಮ್ಯಾಟ್ ಪೇಪರಿಗೆ ಮ್ಯಾಟ್ ಬ್ಲ್ಯಾಕ್; ಎರಡಕ್ಕೂ ಒಂದೇ ದಾರಿ, ಬದಲಾಯಿಸಿದಾಗೆಲ್ಲ ಇಂಕು ಪೋಲಾಗತ್ತೆ, ಅದಕ್ಕೆ ಗ್ಲಾಸಿ ಪೇಪರ್ ತರೋದೇ ಬಿಟ್ಟೆ. ಇಂಕಿನ ತೂತು ಕಟ್ಟಿಕೊಂಡಿದ್ಯಾ ಅಂತ ನೋಡೋಕೆ ಭಾನುವಾರ ಒಂದು ನಾಝಲ್ ಚೆಕ್ ಹೊಡೀತೀನಿ, ಬೇಸಿಗೇಲಿ ಬುಧವಾರಾನೂ.

ಎಸ್‌ಪಿ ರೋಡಿನ ಬಾಟ್ಲಿಗಳು ಇನ್ನೂ ಅರ್ಧ ಇವೆ. ಮಗಳ ಸ್ಕೂಲ್ ಪ್ರಾಜೆಕ್ಟಿಗೆ ಆಗ್ತಿವೆ, ಹೋದ ವಾರ ಸೂರ್ಯಕಾಂತಿ ಹೂವಿನ ಚಾರ್ಟ್ ಮಾಡ್ಕೊಟ್ಟೆ, ಹಳದಿ ಸಖತ್ತಾಗಿ ಬಂತು.