ಕಾಮ್ 3 ಎಲ್ಲಿ ಹೋಯ್ತು? ಯುಎಸ್‌ಬಿ-ಸೀರಿಯಲ್ ಕೇಬಲ್ ಜೊತೆ ಮೂರು ವರ್ಷ

ಲ್ಯಾಬಿನ ತೂಕದ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವ ಕೇಬಲ್ ಇದು. ಮೊದಲು ಬೈದುಬಿಡುತ್ತೇನೆ. ಈ ಕೇಬಲ್ಲನ್ನು ಒಂದು ಯುಎಸ್‌ಬಿ ಪೋರ್ಟಿನಿಂದ ತೆಗೆದು ಪಕ್ಕದ್ದಕ್ಕೆ ಹಾಕಿದರೆ ಸಾಕು, ವಿಂಡೋಸ್‌ಗೆ ಅದರ ಗುರುತೇ ಸಿಗುವುದಿಲ್ಲ. ಹೊಸ ನೆಂಟ ಬಂದ ಅಂತ ಹೊಸ ಕಾಮ್ ನಂಬರ್ (ಸೀರಿಯಲ್ ಪೋರ್ಟಿಗೆ ಅದು ಇಡುವ ಹೆಸರು) ಕೊಡುತ್ತದೆ. ನಿನ್ನೆ ಕಾಮ್ 3, ಇವತ್ತು ಕಾಮ್ 7. ತೂಕ ಓದುವ ಸಾಫ್ಟ್‌ವೇರ್ ಪಾಪ, ಇನ್ನೂ 3ರ ಬಾಗಿಲಲ್ಲೇ ಕಾಯುತ್ತಿರುತ್ತದೆ. ಟೇಬಲ್ ಒರೆಸುವಾಗ ಯಾರೋ ವೈರ್ ಕಿತ್ತು ಸಿಕ್ಕಿದ ಕಡೆ ಸಿಕ್ಕಿಸಿದರೆ ಆವತ್ತಿನ ಬೆಳಗ್ಗೆ ಹಾಳು. ಕೇಬಲ್ಲಿನ ಚಿಪ್‌ನೊಳಗೆ ತನ್ನದೇ ಸೀರಿಯಲ್ ನಂಬರ್ ಇದ್ದರೆ ಈ ಗೋಳಿಲ್ಲ. ನನ್ನದರಲ್ಲಿ ಇಲ್ಲ. ಕೊಳ್ಳುವಾಗ ಅದನ್ನೆಲ್ಲ ಯಾರು ನೋಡುತ್ತಾರೆ ಹೇಳಿ?

ನಮ್ಮ ಲ್ಯಾಬಿನ ಬ್ಯಾಲೆನ್ಸ್, ಅಂದರೆ ಆ ತೂಕದ ಯಂತ್ರ, ಹಳೆಯದು. ಹಿಂದುಗಡೆ 9 ಪಿನ್‌ನ ಆರ್‌ಎಸ್-232 ಎಂಬ ಹಳೇ ಸೀರಿಯಲ್ ಪೋರ್ಟ್ ಬಿಟ್ಟರೆ ಇನ್ನೇನಿಲ್ಲ. ತೂಕ ಮಾತ್ರ ಇವತ್ತಿಗೂ ಕರಾರುವಾಕ್ಕು. ಹಾಗಾಗಿ ಹೊಸದು ಬೇಕೆಂದರೆ ಯಾರೂ ದುಡ್ಡು ಬಿಚ್ಚುವುದಿಲ್ಲ.

ಮೊದಲ ದಿನ ಏನೂ ಬರಲಿಲ್ಲ. 2 ಮತ್ತು 3ನೇ ಪಿನ್ (ಕಳಿಸುವ, ಪಡೆಯುವ ತಂತಿಗಳು) ಅದಲುಬದಲು ಮಾಡುವ ನಲ್ ಮೋಡೆಮ್ ಅಡಾಪ್ಟರ್ ಸಿಕ್ಕಿಸಿದ ಮೇಲೆ ಬಂತು. ಆದರೆ ಬಂದದ್ದೇನು! 0, 3, 5, 6, 9 ಸರಿ ಇವೆ. 1 ಇರಬೇಕಾದಲ್ಲಿ ±, 2ರ ಜಾಗದಲ್ಲಿ ². 4, 7, 8ಕ್ಕೂ ಇದೇ ಗತಿ. ಬ್ಯಾಲೆನ್ಸ್ ಒಂದೊಂದು ಅಕ್ಷರಕ್ಕೆ ಕಳಿಸುತ್ತಿದ್ದದ್ದು 7 ಬಿಟ್, ಜೊತೆಗೆ ಈವನ್ ಪ್ಯಾರಿಟಿ (1ಗಳ ಒಟ್ಟು ಎಣಿಕೆ ಸಮಸಂಖ್ಯೆ ಆಗುವಂತೆ ಸೇರಿಸುವ ತಪಾಸಣೆಯ ಬಿಟ್). ನಾನು ಕಂಪ್ಯೂಟರಿನಲ್ಲಿ ಇಟ್ಟಿದ್ದು 8 ಬಿಟ್, ಪ್ಯಾರಿಟಿ ಇಲ್ಲ. ಪ್ಯಾರಿಟಿ ಬಿಟ್ಟನ್ನೂ ಅದು ಅಕ್ಷರದ ಭಾಗ ಅಂತ ಓದಿದ್ದರಿಂದ, ಆ ಬಿಟ್ 1 ಆದ ಅಂಕೆಗಳಷ್ಟೇ ವೇಷ ಹಾಕಿಕೊಂಡು ಬರುತ್ತಿದ್ದವು. ಎರಡು ದಿನ ಸುಮ್ನೆ ಕೇಬಲ್ಲಿಗೆ ಬೈದಿದ್ದೆ.

ಊಟ ಮುಗಿಸಿ ಬರುವಷ್ಟರಲ್ಲಿ ಸಂಪರ್ಕ ತಪ್ಪುತ್ತಿದ್ದದ್ದೂ ಕೇಬಲ್ಲಿನ ತಪ್ಪಲ್ಲ. ಕರೆಂಟ್ ಉಳಿಸಲು ಕಂಪ್ಯೂಟರೇ ಯುಎಸ್‌ಬಿಯನ್ನು ಮಲಗಿಸುತ್ತಿತ್ತು. ಪವರ್ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿದೆ.

ಈಗ ಖುಷಿಯ ವಿಷಯ. ಬೆಳಗ್ಗೆ ಬಂದವನೇ ಬ್ಯಾಲೆನ್ಸ್ ಆನ್ ಮಾಡಿ ಬಿಸಿಯಾಗಲು ಬಿಡುತ್ತೇನೆ. ಆಮೇಲೆ ಬೀಕರ್ ಇಟ್ಟು, ಅದರ ತೂಕ ಕಳೆದು ಸೊನ್ನೆ ತೋರಿಸಲು ಟೇರ್ ಒತ್ತಿ, ಸ್ಪ್ಯಾಚುಲಾ ತಟ್ಟಿ ತಟ್ಟಿ ಪುಡಿ ಉದುರಿಸುತ್ತೇನೆ. ಗಾಜಿನ ಬಾಗಿಲು ಮುಚ್ಚಿ ಉಸಿರು ಬಿಗಿಹಿಡಿದು ಕೂರುತ್ತೇನೆ. ಬಾಗಿಲು ಮುಚ್ಚಿದ ಮೇಲೆ ಉಸಿರು ಯಾಕೆ ಹಿಡಿಯಬೇಕು ಅಲ್ವಾ? ಅಭ್ಯಾಸ. ಕೊನೆಯ ಅಂಕೆ ಕುಣಿದು ಕುಣಿದು ನಿಲ್ಲುತ್ತದೆ, ಪಕ್ಕದಲ್ಲಿ ಗ್ರಾಂ ಗುರುತು ಮೂಡುತ್ತದೆ. ಪ್ರಿಂಟ್ ಒತ್ತಿದರೆ ಅಂಕೆ ಸೀದಾ ಎಕ್ಸೆಲ್‌ನಲ್ಲಿ ಹೋಗಿ ಕೂರುತ್ತದೆ, ಕರ್ಸರ್ ಒಂದು ಮನೆ ಕೆಳಗಿಳಿಯುತ್ತದೆ. ಚೀಟಿಯಲ್ಲಿ ಬರೆದು, 6 ಇದ್ದದ್ದನ್ನು 9 ಅಂತ ಓದಿ, ಮತ್ತೆ ತೂಗುವ ಕಾಟ ಮುಗಿಯಿತು.

24 ಪಿನ್‌ನ ಜಿಪಿಐಬಿ (ಲ್ಯಾಬ್ ಯಂತ್ರಗಳ ಇನ್ನೊಂದು ಬಗೆಯ ಪೋರ್ಟ್) ಇರುವ ಯಂತ್ರಕ್ಕೆ ಈ ಕೇಬಲ್ ಆಗುವುದಿಲ್ಲ, ಅದರ ಕಥೆಯೇ ಬೇರೆ.

ಕಾಮ್ ನಂಬರನ್ನು ಡಿವೈಸ್ ಮ್ಯಾನೇಜರ್‌ನ ಅಡ್ವಾನ್ಸ್ಡ್‌ನಲ್ಲಿ ಹೋಗಿ ಬದಲಿಸಬಹುದು. ನಾನು ಒಂದು ಪೋರ್ಟಿನ ಪಕ್ಕ ಕೆಂಪು ಟೇಪ್ ಅಂಟಿಸಿ, ಕೇಬಲ್ಲಿಗೂ ಅದನ್ನೇ ಸುತ್ತಿದೆ. ಎಂಟು ತಿಂಗಳಿಂದ ಕಾಮ್ 3 ಜಾಗ ಬಿಟ್ಟಿಲ್ಲ. ಪಿಎಚ್ ಮೀಟರಿಗೆ ಅಂತ ಇನ್ನೊಂದು ಕೇಬಲ್ ತರಿಸಿದ್ದೇನೆ, ಈ ಸಲ ಸೀರಿಯಲ್ ನಂಬರ್ ಇರುವ ಚಿಪ್‌ನದ್ದು. ದುಡ್ಡು ಸ್ವಲ್ಪ ಜಾಸ್ತಿಯೇ ಆಯಿತು.