ಗಲಾನಿ, ಫ್ರಿತ್ತೆಲ್ಲೆ, ಕಸ್ತಾನ್ಯೋಲೆ: ನನ್ನ ಓಟು ಯಾವುದಕ್ಕೆ?

ಇಟಲಿಯ ಪಾದೋವಾಗೆ ಬಂದು ಮೂರು ವರ್ಷ. ಜನವರಿ ಬಂತೆಂದರೆ ಇಲ್ಲಿನ ಬೇಕರಿಗಳಲ್ಲಿ ಕರಿದ ಸಿಹಿತಿಂಡಿಗಳದ್ದೇ ರಾಶಿ. ಈಸ್ಟರ್‌ಗೆ ಮುಂಚಿನ 40 ದಿನದ ವ್ರತ ಶುರುವಾಗುವ ಮೊದಲು ಮೊಟ್ಟೆ, ಬೆಣ್ಣೆ, ಕೊಬ್ಬು ಖಾಲಿ ಮಾಡುವುದು ಹಳೆಯ ರೂಢಿ. 2025ರಲ್ಲಿ ಮಾರ್ಚ್ 4ರ ಮಂಗಳವಾರ ಕಾರ್ನಿವಲ್, ಅಂದರೆ ವ್ರತಕ್ಕೆ ಮುಂಚಿನ ಈ ಹಬ್ಬ, ಮುಗಿಯಿತು. ಅಷ್ಟರೊಳಗೆ ಇಲ್ಲಿನ ಮೂರು ಕರಿದ ಸಿಹಿಗಳನ್ನು, ಗಲಾನಿ, ಫ್ರಿತ್ತೆಲ್ಲೆ, ಕಸ್ತಾನ್ಯೋಲೆ, ಸರಿಯಾಗಿ ತಿಂದು ನೋಡಿದೆ.

ಗಲಾನಿ ಗೆಲ್ಲುತ್ತದೆ ಅಂದುಕೊಂಡಿದ್ದೆ. ತೆಳ್ಳಗೆ ಲಟ್ಟಿಸಿ, ಪಟ್ಟಿ ಕತ್ತರಿಸಿ, ಕರಿದು, ಮೇಲೆ ಪುಡಿ ಸಕ್ಕರೆ. ನಮ್ಮ ಚಿರೋಟಿಯ ಹತ್ತಿರದ ನೆಂಟ, ಸಾಟಿ ಹಚ್ಚಿ ಪದರ ಮಾಡುವುದಿಲ್ಲ ಅಷ್ಟೆ. ವೆನಿಸ್‌ನಲ್ಲಿ ಗಲಾನಿ. ಇದರ ಸ್ವಲ್ಪ ದಪ್ಪನೆಯ ರೂಪಕ್ಕೆ ಈ ಕಡೆ ಕ್ರೊಸ್ತೊಲಿ ಅನ್ನುತ್ತಾರೆ. ಮಿಲಾನ್‌ನಲ್ಲಿ ಇದಕ್ಕೆ ‘ಹರಟೆ’ ಎಂಬ ಅರ್ಥದ ಹೆಸರು, ತೊಸ್ಕಾನಾದಲ್ಲಿ ‘ಚಿಂದಿಬಟ್ಟೆ’, ಟುರಿನ್ ಕಡೆ ‘ಸುಳ್ಳುಗಳು’! ಮನೆಯಲ್ಲೂ ಮಾಡಿದೆ. ಹಿಟ್ಟಿಗೆ ಗ್ರಾಪ್ಪಾ ಹಾಕಬೇಕು, ದ್ರಾಕ್ಷಿ ಹಿಪ್ಪೆಯಿಂದ ಇಳಿಸಿದ ಸಾರಾಯಿ ಅದು. ಕಾದ ಎಣ್ಣೆಯಲ್ಲಿ ಅದು ಆವಿಯಾಗಿ ಗುಳ್ಳೆ ಏಳುವುದಕ್ಕೆ ನೆರವಾಗುತ್ತದೆ. ಮೊದಲ ಸಲ ನಾನು ದಪ್ಪ ಲಟ್ಟಿಸಿದೆ. ಗುಳ್ಳೆಯೇ ಇಲ್ಲ, ಸಿಹಿ ನಿಪ್ಪಟ್ಟು. ಎರಡನೇ ಸಲ ಕೆಳಗಿನ ಹಲಗೆ ಕಾಣುವಷ್ಟು ತೆಳ್ಳಗೆ ಮಾಡಿದ ಮೇಲೆ ಗರಿಗರಿ ಬಂತು. ಆದರೆ ನಿಜ ಹೇಳುತ್ತೇನೆ, ನಾಲ್ಕು ತಿಂದರೆ ಬಾಯಲ್ಲಿ ಉಳಿಯುವುದು ಸಕ್ಕರೆ ಮಾತ್ರ.

ಕಸ್ತಾನ್ಯೋಲೆ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. ಚೆಸ್ಟ್‌ನಟ್ ಕಾಯಿಯಷ್ಟು ದೊಡ್ಡ ಉಂಡೆ. ಬಿಸಿ ಇದ್ದಾಗ ಪರವಾಗಿಲ್ಲ, ಸಂಜೆಗೆ ಒಣ ಕೇಕು. ಕೆಲವು ಕಡೆ ಆಲ್ಕೆರ್ಮೆಸ್ ಎಂಬ ಕೆಂಪು ಮದ್ಯದಲ್ಲಿ ಅದ್ದುತ್ತಾರೆ. ಆ ಕೆಂಪು ಬಣ್ಣ ಹಿಂದಿನಿಂದಲೂ ಬರುತ್ತಿದ್ದುದು ಒಂದು ಹುಳುವಿನಿಂದ. ಗೊತ್ತಾದ ಮೇಲೆ ತಟ್ಟೆ ಪಕ್ಕಕ್ಕೆ ಸರಿಸಿದೆ.

ಫ್ರಿತ್ತೆಲ್ಲೆಗೆ ವೆನಿಸ್‌ಗೇ ಹೋಗಬೇಕು, ರೈಲಿನಲ್ಲಿ ಅರ್ಧ ಗಂಟೆ. ಯೀಸ್ಟ್ ಹಾಕಿ ಉಬ್ಬಿಸಿದ ಹಿಟ್ಟು, ಒಣದ್ರಾಕ್ಷಿ, ಪೈನ್ ಬೀಜ. ಗಾತ್ರದಲ್ಲಿ ದೊಡ್ಡ ಗೋಳಿಬಜೆ, ಒಳಗೂ ಹಾಗೇ ಜಾಳುಜಾಳು. 17ನೇ ಶತಮಾನದಲ್ಲಿ ಇದನ್ನು ಕರಿಯುವವರದ್ದೇ ಒಂದು ಸಂಘ ಅಲ್ಲಿತ್ತು. ಈಗ ಕ್ರೀಮ್ ಅಥವಾ ಜಬಯೋನೆ (ಮೊಟ್ಟೆಯ ಹಳದಿ, ಸಕ್ಕರೆ, ವೈನ್ ಕಡೆದ ಕ್ರೀಮ್) ತುಂಬಿದ್ದೂ ಸಿಗುತ್ತದೆ. ಚೆನ್ನಾಗಿ ಕಾಣುತ್ತದೆ, ಆದರೆ ಒಂದೇ ಕಡಿತಕ್ಕೆ ಕೋಟಿನ ಮೇಲೆಲ್ಲ ಕ್ರೀಮ್. ಏನೂ ತುಂಬದ ಹಳೇ ಥರದ್ದೇ ಸರಿ. ಬಿಸಿಬಿಸಿ ಹಿಟ್ಟಿನ ನಡುವೆ ದ್ರಾಕ್ಷಿ ಸಿಕ್ಕಾಗ ಅಮ್ಮನ ಮುಳ್ಕ ನೆನಪಾಯಿತು. ಚಳಿಯಲ್ಲಿ ಸೇತುವೆ ಮೇಲೆ ನಿಂತು ಎರಡು ತಿಂದೆ.

ಹಾಗಾಗಿ ಓಟು ಫ್ರಿತ್ತೆಲ್ಲೆಗೆ, ಅದೂ ಅಲ್ಲೇ ನಿಂತು ತಿಂದರೆ ಮಾತ್ರ. ಮನೆಗೆ ತಂದ ನಾಲ್ಕು ರಾತ್ರಿ ಹೊತ್ತಿಗೆ ಎಣ್ಣೆ ಹೀರಿದ ಸ್ಪಂಜಾಗಿದ್ದವು. ಡಬ್ಬಿಗೆ ಹಾಕಿ ವಾರ ಇಡುವುದಿದ್ದರೆ ಗಲಾನಿಯೇ ಆಗಬೇಕು.

ಇನ್ನೊಂದು ಮಾತು: ಮಾಂಸ ತಿನ್ನದವರು ಕೊಳ್ಳುವ ಮೊದಲು ‘ಸ್ತ್ರುತ್ತೋ?’ ಅಂತ ಕೇಳಿ. ಹಂದಿ ಕೊಬ್ಬು ಅಂತ ಅರ್ಥ. ನಾನು ಮೊದಲ ವರ್ಷ ಕೇಳಿರಲಿಲ್ಲ.